ಎರಡು ಚಿತ್ರಗಳ ನಡುವಿನ ಕತ್ತಲು

ರಾಣಿ ತಾನಾಗಿಯೇ ತಿರುಗಲಿಲ್ಲ. ಇದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಯಾಕೆಂದರೆ ನಮ್ಮ ಬಳಗದಲ್ಲಿ ಈ ಕಥೆ ಹೇಳುವವರೆಲ್ಲ ಶುರು ಮಾಡುವುದೇ "ಗೊಂಬೆ ತಾನಾಗೇ ತಿರುಗ್ತಂತೆ" ಎಂಬಲ್ಲಿಂದ. ಹೋದ ವರ್ಷ ಒಂದು ನಾಮಕರಣದ ಮನೆಯಲ್ಲಿ ಕೇಳಿದಾಗ ಆ ಗೊಂಬೆ ಕಣ್ಣೀರನ್ನೂ ಹಾಕಿತ್ತು. ಇನ್ನೆರಡು ನಾಮಕರಣ ಕಳೆದರೆ ಮಾತಾಡಿದರೂ ಆಶ್ಚರ್ಯವಿಲ್ಲ. ಮರಕ್ಕೆ ತಿರುಗಲು ಬರುವುದಿಲ್ಲ, ಯಾರೋ ತಿರುಗಿಸಿರಬೇಕು ಎಂದು ನಾನು ವಾದಕ್ಕಿಳಿದರೆ, ಪಾಯಸ ಬಡಿಸುತ್ತಿದ್ದ ಚಿಕ್ಕಮ್ಮ, "ನೀನು ಡಿಬೇಟಲ್ಲಿ ಕಪ್ ತಗೊಂಡವಳು ಕಣಮ್ಮ, ನಿನ್ ಜೊತೆ ಯಾರು ಮಾತಾಡ್ತಾರೆ" ಎಂದು ಮುಂದಿನ ಎಲೆಗೆ ಹೋಗಿಬಿಡುತ್ತಾಳೆ. ಚರ್ಚಾಸ್ಪರ್ಧೆಯ ಕಪ್ಪುಗಳಿಂದ ಆಗುವ ನಷ್ಟ ಇದು. ನೀವು ಸರಿಯಿದ್ದಾಗಲೂ ಜನ ಅದನ್ನು ನಿಮ್ಮ ಚಾಳಿ ಎಂದುಕೊಳ್ಳುತ್ತಾರೆ.

ಮೊನ್ನೆ ಶನಿವಾರ ಬೆಳಿಗ್ಗೆ, ಲಕ್ಷ್ಮೀಪುರಂನ ನನ್ನ ಬಾಡಿಗೆ ಕೋಣೆಯ ಬಾಗಿಲಿಗೆ ಒಂದು ರಟ್ಟಿನ ಡಬ್ಬ ಬಂತು. ಕೆಸರೆಯಿಂದ ದೊಡ್ಡಮ್ಮ ಪರಿಚಯದ ಆಟೋದವರ ಕೈಯಲ್ಲಿ ಕಳಿಸಿದ್ದು. ಬಿಚ್ಚುವ ಮೊದಲೇ ವಾಸನೆ ಬಂತು, ಹಚ್ಚದ ಊದಿನಕಡ್ಡಿಯ ವಾಸನೆ. ಹಚ್ಚಿದ ಕಡ್ಡಿಯ ಪರಿಮಳ ಎಲ್ಲರಿಗೂ ಗೊತ್ತು. ಹಚ್ಚದ ಕಡ್ಡಿಯದು, ಇದ್ದಿಲ ಪುಡಿ, ಅಂಟು, ಒದ್ದೆ ಮರ ಎಲ್ಲ ಸೇರಿದ್ದು, ಅದನ್ನು ಹೊಸೆಯುವವರ ಮನೆಯಲ್ಲಿ ಓಡಾಡಿದವರಿಗೆ ಮಾತ್ರ ಗೊತ್ತು. ದೊಡ್ಡಮ್ಮ ಮೂವತ್ತು ವರ್ಷದಿಂದ ಮನೆಯಲ್ಲೇ ಮಣೆ ಮುಂದೆ ಇಟ್ಟುಕೊಂಡು ಕಡ್ಡಿ ಹೊಸೆಯುತ್ತಾಳೆ. ಅವಳ ಸೀರೆ, ಅವಳ ಅನ್ನ, ಅವಳು ಕೊಟ್ಟ ನೋಟು ಎಲ್ಲಕ್ಕೂ ಅದೇ ವಾಸನೆ.

ಡಬ್ಬದೊಳಗೆ ದೊಡ್ಡಪ್ಪನ ಹಳೇ ಪಂಚೆಯಲ್ಲಿ ಸುತ್ತಿದ ಪಟ್ಟದ ಗೊಂಬೆಗಳು. ಒಂದು ರಾಜ, ಒಂದು ರಾಣಿ. ಮದುವೆಯಲ್ಲಿ ಹೆಣ್ಣಿಗೆ ಕೊಡುವ ಮರದ ಜೋಡಿ. ದಸರೆಗೆ ಮನೆಯಲ್ಲಿ ಗೊಂಬೆ ಕೂರಿಸುವಾಗ ಮೊದಲ ಜಾಗ ಇವರದೇ. ಮುಂದಿನ ತಿಂಗಳು ನನ್ನ ಮದುವೆ, ಅದಕ್ಕೇ ಕಳಿಸಿದ್ದಾಳೆ ಎಂದುಕೊಂಡೆ. ಅಷ್ಟರಲ್ಲಿ ಫೋನು ಬಂತು. ದೊಡ್ಡಮ್ಮ ಅದರಲ್ಲಿ ಆಡಿದ ಒಂದು ಮಾತಿಗೆ, ಆರು ವರ್ಷದಿಂದ ನಾನು ಕಟ್ಟಿಕೊಂಡು ಬಂದಿದ್ದ ವಾದ ಬಿದ್ದುಹೋಯಿತು. ಆ ಮಾತನ್ನು ಸ್ವಲ್ಪ ತಡೆದು ಹೇಳುತ್ತೇನೆ. ಮೊದಲು ದೊಡ್ಡಪ್ಪನ ವಿಷಯ ಆಗಬೇಕು.

ದೊಡ್ಡಪ್ಪ ಊರಿನ ಒಂದು ಹಳೇ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದರು. ರೀಲು ಹೋಗಿ ಕಂಪ್ಯೂಟರ್ ಬಂದ ವರ್ಷ ಮನೆಗೆ ಬಂದರು. ಆಮೇಲೆ ಅವರಿಗೆ ಸಿಕ್ಕ ಏಕೈಕ ಪ್ರೇಕ್ಷಕಿ ನಾನು. ಒಮ್ಮೆ ಊದಿನಕಡ್ಡಿ ಪೊಟ್ಟಣದ ರಟ್ಟನ್ನು ದುಂಡಗೆ ಕತ್ತರಿಸಿ, ಒಂದು ಬದಿಗೆ ಗಿಳಿ, ಇನ್ನೊಂದು ಬದಿಗೆ ಪಂಜರ ಬರೆದು, ಎರಡೂ ಅಂಚಿಗೆ ದಾರ ಕಟ್ಟಿ ಗಿರ್ರನೆ ತಿರುಗಿಸಿದರು. ಗಿಳಿ ಪಂಜರದೊಳಗೆ ಕೂತಿತು.

"ಯಾವಾಗ ಒಳಕ್ಕೋಯ್ತು ಹೇಳು?" ಎಂದರು.

"ಹೋಗೇ ಇಲ್ಲ. ಕಣ್ಣಲ್ಲಿ ಮೊದಲ ಚಿತ್ರ ಉಳ್ಕೊಂಡಿರುತ್ತೆ, ಅದರ ಮೇಲೆ ಎರಡನೇದು ಬೀಳುತ್ತೆ. ನಮ್ಮ ಮಿಸ್ಸು ಹೇಳಿದಾರೆ" ಎಂದೆ. ಆಗ ನನಗೆ ಹತ್ತು ವರ್ಷ, ಅಸಹ್ಯವಾಗುವಷ್ಟು ಬುದ್ಧಿವಂತೆ.

"ಸರಿ. ಅಂಗಾದ್ರೆ ಸಿನಿಮಾದಲ್ಲಿ ಹೀರೋ ನಡೀವಾಗ ನೂರು ಕಾಲು ಒಂದ್ರ ಮೇಲೊಂದು ಕಾಣ್ಬೇಕಿತ್ತಲ್ಲ? ಯಾಕ್ ಕಾಣಲ್ಲ?"

ನಾನು ಸೋತ ಮೊದಲ ಚರ್ಚೆ ಅದು. ತೀರ್ಪುಗಾರರೂ ಅವರೇ ಆಗಿದ್ದರಿಂದ ಮೇಲ್ಮನವಿಗೆ ಅವಕಾಶವಿರಲಿಲ್ಲ.

ಕಣ್ಣಲ್ಲಿ ಚಿತ್ರ ಉಳಿಯುವುದರಿಂದಲೇ ಸಿನಿಮಾ ನಡೆಯುತ್ತದೆ ಎಂಬ ಮಾತನ್ನು ಈಗಲೂ ನೀವು ಎಲ್ಲೆಲ್ಲೂ ಕೇಳುತ್ತೀರಿ. ಗಿಳಿಗೂ ಪಂಜರಕ್ಕೂ ಅದು ಒಪ್ಪುತ್ತದೆ, ಒಂದರ ಮೇಲೊಂದು ಕೂರುತ್ತದೆ, ಅಷ್ಟೇ. ನಡಿಗೆಗೆ ಅದು ಸಾಲದು. ಇದರಲ್ಲಿ ನಂಬಿಕೆ ಬರದಿದ್ದರೆ ದಸರೆಯ ಸಂಜೆ ದೀಪಾಲಂಕಾರದ ರಸ್ತೆಯಲ್ಲಿ ನಿಂತು ಓಡುವ ದೀಪಗಳನ್ನು ನೋಡಿ. ಒಂದು ಬಲ್ಬು ಆರುತ್ತದೆ, ಗೇಣು ದೂರದ ಇನ್ನೊಂದು ಹತ್ತುತ್ತದೆ. ಯಾವ ಬಲ್ಬೂ ಜಾಗ ಬಿಟ್ಟು ಕದಲಿಲ್ಲ. ಆದರೂ ನಡುವಿನ ಖಾಲಿ ಗೇಣಿನಲ್ಲಿ ಬೆಳಕಿನಂಥದ್ದೊಂದು ದಾಟಿಹೋದದ್ದನ್ನು ನೀವು ಕಾಣುತ್ತೀರಿ. ಅಲ್ಲಿ ಏನೂ ಇಲ್ಲ. ಇಲ್ಲದ್ದನ್ನು ಮಿದುಳು ತುಂಬಿಕೊಡುತ್ತದೆ, ನಮ್ಮನ್ನು ಒಂದು ಮಾತೂ ಕೇಳದೆ. ದೊಡ್ಡಪ್ಪ ಇದನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಿದ್ದರು. ಪ್ರೊಜೆಕ್ಟರಿನೊಳಗೆ ಒಂದು ರೆಕ್ಕೆ ತಿರುಗುತ್ತಿರುತ್ತದಂತೆ. ಒಂದು ಚಿತ್ರ ಸರಿದು ಇನ್ನೊಂದು ಬಂದು ನಿಲ್ಲುವ ತನಕ ಅದು ಬೆಳಕನ್ನು ಮುಚ್ಚುತ್ತದಂತೆ. "ಮೂರು ಗಂಟೆ ಸಿನಿಮಾ ಅಂತ ಟಿಕೆಟ್ ತಗೋತಾರೆ. ಅದ್ರಲ್ಲಿ ಒಂದೂವರೆ ಗಂಟೆ ಬರೀ ಕತ್ತಲು. ಜನ ಕತ್ತಲು ನೋಡ್ಕಂಡೇ ಶಿಳ್ಳೆ ಹೊಡೀತಾರೆ. ಕಣ್ಣು ಮರ್ಯಾದಸ್ತ ಮಗ, ನಡುವೆ ಏನಾಯ್ತು ಅಂತ ಕೇಳಲ್ಲ."

ಈಗ ಹೊಟ್ಟೆಪಾಡಿಗೆ ನಾನು ಮಾಡುವುದು ಇದೇ ಕೆಲಸ, ಅನಿಮೇಷನ್. ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದರಂತೆ ಕಡ್ಡಿಮನುಷ್ಯನನ್ನು ಬರೆದು ಸರ್ರನೆ ಮಗುಚಿದ್ದರಿಂದ ಶುರುವಾದದ್ದು. ಕೈಯಲ್ಲಿ ಬರೆಯುವ ಅನಿಮೇಷನ್ನಿನಲ್ಲಿ ದೊಡ್ಡ ಕಲಾವಿದರು ಮುಖ್ಯ ಭಂಗಿಗಳನ್ನು ಬರೆಯುತ್ತಾರೆ: ಕೈ ಕೆಳಗಿದೆ, ಕೈ ಮೇಲಿದೆ. ಕೈ ಮೇಲೇರುವ ನಡುವಿನ ಹತ್ತು ಚಿತ್ರಗಳನ್ನು ಬರೆಯುವುದು ನನ್ನಂಥ ಚಿಲ್ಲರೆಯವರು. ಕಂಪ್ಯೂಟರಿನಲ್ಲಾದರೆ ಆ ನಡುವಿನದನ್ನು ಯಂತ್ರವೇ ಲೆಕ್ಕ ಹಾಕಿ ತುಂಬುತ್ತದೆ. ಕಾಗದ ಕತ್ತರಿಸಿದ ಆಕೃತಿ, ಜೇಡಿಮಣ್ಣಿನ ಮುಖ, ಗಾಜಿನ ಮೇಲೆ ಹರಡಿದ ಮರಳು, ಎಲ್ಲದರಲ್ಲೂ ಕೈಯಾಡಿಸಿದ್ದೇನೆ. ಇವುಗಳಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಒಂದೇ, ಗೊಂಬೆಯದು. ಬರೆದ ಚಿತ್ರ ಕಾಗದದಲ್ಲಿ ಮಾತ್ರ ಇರುತ್ತದೆ. ಗೊಂಬೆ ನಿಮ್ಮ ಜೊತೆ ಅದೇ ಕೋಣೆಯಲ್ಲಿರುತ್ತದೆ. ನೀವು ಅದನ್ನು ಎಳ್ಳಷ್ಟು ಸರಿಸುತ್ತೀರಿ, ಕೈ ತೆಗೆಯುತ್ತೀರಿ, ಒಂದು ಫೋಟೋ. ಮತ್ತೆ ಎಳ್ಳಷ್ಟು, ಮತ್ತೊಂದು ಫೋಟೋ. ಓಡಿಸಿದಾಗ ಅದು ನಡೆಯುತ್ತದೆ, ನಿಮ್ಮ ಕೈ ಎಲ್ಲೂ ಕಾಣುವುದಿಲ್ಲ. ಕ್ಯಾಮೆರಾ ಕಣ್ಣು ತೆರೆದಾಗಲೆಲ್ಲ ಗೊಂಬೆ ಸ್ತಬ್ಧ. ಅದು ಕದಲಿದ್ದೆಲ್ಲ ಕ್ಯಾಮೆರಾ ನೋಡದಿರುವಾಗಲೇ.

ಆರು ವರ್ಷದ ಹಿಂದೆ, ಓದಿನ ಕೊನೆಯ ವರ್ಷಕ್ಕೆ ನಾನೊಂದು ಕಿರುಚಿತ್ರ ಮಾಡಬೇಕಿತ್ತು. ಕ್ಯಾಮೆರಾ ಇದ್ದದ್ದು ಗೆಳೆಯ ಇಮ್ರಾನನ ಹತ್ತಿರ. ಲಷ್ಕರ್ ಮೊಹಲ್ಲಾದಲ್ಲಿ ಅವನ ಅಪ್ಪನ ಮೊಬೈಲ್ ರಿಪೇರಿ ಅಂಗಡಿ, ಈಗ ಅವನದೇ. ದಸರೆ ಹತ್ತಿರ ಬಂದಿತ್ತು. ಪಟ್ಟದ ಗೊಂಬೆಯನ್ನೇ ನಡೆಸೋಣ ಎಂದು ನನಗೆ ಹೊಳೆಯಿತು, ಹೊಳೆದ ಮರುಕ್ಷಣ ಸಪ್ಪಗಾದೆ. ದೊಡ್ಡಪ್ಪ ತೀರಿಕೊಂಡು ಏಳು ತಿಂಗಳಾಗಿತ್ತು. ವರ್ಷ ತುಂಬುವ ತನಕ ಆ ಮನೆಯಲ್ಲಿ ಹಬ್ಬವಿಲ್ಲ, ಗೊಂಬೆ ಕೂರಿಸುವಂತಿಲ್ಲ. ಗೊಂಬೆಗಳು ಟ್ರಂಕಿನಲ್ಲಿದ್ದವು. ಕೇಳಲೋ ಬೇಡವೋ ಎಂದು ತಡವರಿಸುತ್ತ ಕೇಳಿದೆ.

ದೊಡ್ಡಮ್ಮ ಕಡ್ಡಿ ಹೊಸೆಯುತ್ತಲೇ ಯೋಚನೆ ಮಾಡಿದಳು. "ಕೂರುಸ್ಬಾರ್ದು ಅಂದವ್ರೆ. ನಡುಸ್ಬಾರ್ದು ಅಂತ ಯಾವನಂದವ್ನೆ? ತಗೊಂಡು ನಡುಸು."

ಕಪ್ಪುಗಳು ನನ್ನ ಮನೆಯಲ್ಲಿವೆ, ನಿಜವಾದ ವಾದಪಟು ಕೆಸರೆಯಲ್ಲಿದ್ದಾಳೆ ಎಂದು ನನಗೆ ಅವತ್ತು ಗೊತ್ತಾಯಿತು.

ಮೂರು ದಿನ ಕೆಲಸ. ನಡುಮನೆಯ ಕಿಟಕಿಗೆ ಕಂಬಳಿ ಹೊದಿಸಿ, ಟ್ಯೂಬ್‌ಲೈಟ್ ಒಂದನ್ನೇ ಉರಿಸಿದೆವು. ಬಿಸಿಲು ಬದಲಾದರೆ ಚಿತ್ರ ಮಿನುಗುತ್ತದೆ. ಹಲಗೆಯ ಈ ಕಡೆ ರಾಜ, ರಾಣಿ. ಆ ತುದಿಗೆ ರಟ್ಟಿನ ಒಂದು ಬಾಗಿಲು. ಕಥೆ ಇಷ್ಟೇ: ರಾಜ ನಡೆದು ಬಾಗಿಲು ದಾಟಿ ಹೋಗುತ್ತಾನೆ, ರಾಣಿ ಕ್ಯಾಮೆರಾ ಕಡೆಗೇ ನೋಡುತ್ತ ನಿಂತಿರುತ್ತಾಳೆ. ಸೆಕೆಂಡಿಗೆ ಹನ್ನೆರಡರಂತೆ ನಲವತ್ತು ಸೆಕೆಂಡಿಗೆ ನಾನೂರ ಎಂಬತ್ತು ಫೋಟೋ. ರಾಜನಿಗೆ ಕಾಲು ಬಿಡಿಯಾಗಿಲ್ಲ, ಒಂದೇ ಮರ. ಹಾಗಾಗಿ ಪೀಠದ ಕೆಳಗೆ ಚಿಟಿಕೆ ಜೇಡಿಮಣ್ಣಿಟ್ಟು ಎಡಕ್ಕೆ ವಾಲಿಸಿ ಮುಂದಕ್ಕೆ, ಬಲಕ್ಕೆ ವಾಲಿಸಿ ಮುಂದಕ್ಕೆ, ಹೀಗೆ ನಾನು ಅವನನ್ನು ನಡೆಸಬೇಕು. ರಾಣಿ ಅಪ್ಪಿತಪ್ಪಿ ಜರುಗದಿರಲಿ ಎಂದು ಅವಳ ಪೀಠದ ಸುತ್ತ ಸೀಮೆಸುಣ್ಣದ ಗೆರೆ ಎಳೆದೆ. ಆ ಪೀಠ ದುಂಡಗಿದೆ. ದುಂಡನೆಯದು ಗೆರೆಯೊಳಗೇ ತಿರುಗಿದರೆ ಗೆರೆಗೆ ಏನೂ ಗೊತ್ತಾಗುವುದಿಲ್ಲ ಎಂಬುದು ನನ್ನ ದೊಡ್ಡ ತಲೆಗೆ ಹೋಗಲಿಲ್ಲ.

ಇಮ್ರಾನ್ ಗೊಂಬೆಗಳನ್ನು ಮುಟ್ಟಲು ಒಪ್ಪಲಿಲ್ಲ. "ಅಮ್ಮನ ಪೂಜೆ ಗೊಂಬೆ, ನಾನು ಕ್ಯಾಮೆರಾ ಬಿಟ್ಟು ಈಚೆ ಬರಲ್ಲ" ಎಂದ.

"ಮುಟ್ಟುದ್ರೆ ಏನ್ ಕಚ್ತದಾ? ಬಾರೋ ಮಗ" ಎಂದು ದೊಡ್ಡಮ್ಮ ಕರೆದಳು.

"ಬೇಡಮ್ಮ. ಬಿದ್ದು ಮುರಿದ್ರೆ ಇವಳು ನನ್ನ ಮೇಲೆ ಭಾಷಣ ಮಾಡ್ತಾಳೆ."

ಅವನು ಬಟನ್ ಒತ್ತುವ ಮುನ್ನ "ಕೈ" ಎನ್ನುತ್ತಿದ್ದ, ನಾನು ಕೈ ತೆಗೆಯುತ್ತಿದ್ದೆ, ಕ್ಲಿಕ್. ದೊಡ್ಡಮ್ಮ ಪಕ್ಕದಲ್ಲೇ ಮಣೆ ಹಾಕಿಕೊಂಡಿದ್ದಳು. ಕೈ, ಕ್ಲಿಕ್, ಅವಳ ಅಂಗೈ ಮಣೆಯ ಮೇಲೆ ಸರ್ ಎಂದು ಹೋಗುವ ಸದ್ದು. ಕೈ, ಕ್ಲಿಕ್, ಸರ್. ಎರಡನೇ ದಿನದ ಹೊತ್ತಿಗೆ ಮೂವರೂ ಒಂದೇ ಯಂತ್ರದ ಭಾಗಗಳಾಗಿದ್ದೆವು. ಹೀಗಿರುವಾಗ, ಯಾರೂ ಕೇಳದೆಯೇ, ದೊಡ್ಡಮ್ಮ ಹೇಳಿದಳು:

"ನಿಮ್ ದೊಡ್ಡಪ್ಪ ಅವತ್ತು ಅಂಗೇ ಓದ್ರು ಕಣ್ಮಗ. ಬಾಗ್ಲಲ್ಲಿ ನಿಂತ್ಕಂಡು ಬತ್ತೀನಿ ಅಂದ್ರು. ಕೈಯೆಲ್ಲ ಕಡ್ಡಿ ಇಟ್ಟು ಮೆತ್ಕಂಡಿತ್ತು. ಊಂ ಅಂದೆ. ತಲೆ ಎತ್ಲಿಲ್ಲ."

ಬೀದಿ ತುದಿಯ ಬಸ್‌ಸ್ಟಾಪಿನಲ್ಲಿ ಕೂತವರು ಕೂತಂತೆಯೇ ಪ್ರಾಣ ಬಿಟ್ಟಿದ್ದರು. ಅದು ನಮಗೆಲ್ಲ ಗೊತ್ತಿತ್ತು. ತಲೆ ಎತ್ತದ್ದು ಅವಳೊಬ್ಬಳಿಗೇ ಗೊತ್ತಿತ್ತು.

"ಬಾಗ್ಲಲ್ಲಿ ಒಸಿ ಒತ್ತು ನಿಂತೇ ಇದ್ರೋ ಏನೋ. ಬುಡು, ಓದ್ರು ಅನ್ಕಂಡೆ. ನಿಂತಿದ್ರು ಅಂತ ಈಗ ಅನ್ನುಸ್ತದೆ. ನೋಡ್ಬೋದಾಗಿತ್ತು. ಏನ್ ಖರ್ಚಾಗ್ತಿತ್ತು?"

ನಾನು ಸಮಾಧಾನಕ್ಕೆ ಎರಡು ಅಂಶಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. "ಕೈ" ಎಂದ ಇಮ್ರಾನ್.

ಮೂರನೇ ದಿನ ವಿಜಯದಶಮಿ. ಬೀದಿಯವರೆಲ್ಲ ಜಂಬೂಸವಾರಿ ನೋಡಲು ಹೋಗಿದ್ದರು. ಮಟಮಟ ಮಧ್ಯಾಹ್ನ, ನಾಯಿ ಕೂಡ ಬೊಗಳದ ಬೀದಿ. ನಮ್ಮ ಮೂವರ ಕಣ್ಣೂ ರಾಜನ ಮೇಲೆ. ನಾಲ್ಕರ ಸುಮಾರಿಗೆ ಅವನು ರಟ್ಟಿನ ಬಾಗಿಲು ದಾಟಿದ, ಕೊನೆಯ ಫೋಟೋ ಆಯಿತು. ದೊಡ್ಡಮ್ಮ ಮೂರು ದಿನದಲ್ಲಿ ನಮ್ಮ ಕೆಲಸದ ನಡುವೆ ಮೊದಲ ಸಲ ಮಣೆಯಿಂದ ಎದ್ದು ಕೈ ಚಾಚಿದಳು. ಕಪ್ಪು ಹಿಟ್ಟು ಮೆತ್ತಿದ್ದ ಆ ಕೈಗಳಿಗೆ ಚೊಂಬಿನಿಂದ ನೀರು ಹಾಕಿದ್ದು ನಾನೇ. ಕೈ ಒರೆಸಿಕೊಂಡು ಗೊಂಬೆಗಳನ್ನು ಎತ್ತಿ ಪಕ್ಕಪಕ್ಕ ಮಲಗಿಸಿದಳು. ದಶಮಿಯ ದಿನ ಪಟ್ಟದ ಗೊಂಬೆಯನ್ನು ಮಲಗಿಸುವುದು ಪದ್ಧತಿ. "ನಡ್ದು ಸುಸ್ತಾಗವ್ನೆ" ಎಂದಳು.

ಮರುದಿನ ಇಮ್ರಾನ್ ಎಲ್ಲ ಜೋಡಿಸಿಕೊಂಡು ಲ್ಯಾಪ್‌ಟಾಪ್ ತಂದ. ಓಡಿಸಿದ. ರಾಜ ಕುಂಟುತ್ತ ಹೊರಟ. ನನ್ನ ಕೆಲಸದಲ್ಲಿ ತಪ್ಪುಗಳನ್ನು ಹುಡುಕುತ್ತ ನಾನು ಅವನ ಕಾಲನ್ನೇ ನೋಡುತ್ತಿದ್ದೆ. "ಏ" ಎಂದ ಇಮ್ರಾನ್, ಮೆಲ್ಲಗೆ.

ರಾಣಿ ತಿರುಗುತ್ತಿದ್ದಳು. ಜಿಗಿತವಿಲ್ಲ, ನಡುಕವಿಲ್ಲ. ರಾಜ ಒಂದೊಂದು ಹೆಜ್ಜೆ ದೂರ ಹೋದಂತೆ ಅವಳು ನೀರಿನಲ್ಲಿ ತೇಲುವ ಎಲೆಯ ಹಾಗೆ ಒಂದೇ ಸಮನೆ ತಿರುಗಿ, ಅವನು ಹೊಸ್ತಿಲಿಗೆ ಬರುವ ಹೊತ್ತಿಗೆ ಪೂರ್ತಿ ಅವನ ಕಡೆಗೆ ಮುಖ ಮಾಡಿದ್ದಳು. ಫೋಟೋಗಳನ್ನು ಒಂದೊಂದಾಗಿ ತೆರೆದೆವು. ಒಂದಕ್ಕೂ ಅದರ ಮುಂದಿನದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಓಡಿಸಿದರೆ ತಿರುಗುತ್ತಾಳೆ. ತಪ್ಪಿಲ್ಲದ ನಾಲ್ಕು ಚಿತ್ರ ಬರೆಯಲು ನನಗೆ ಬೆಳಗಿನಿಂದ ಸಂಜೆಯಾಗುತ್ತದೆ. ಇಲ್ಲಿ ನಾನೂರ ಎಂಬತ್ತು ಸಲ, ಕೂದಲೆಳೆಯಷ್ಟೇ, ಒಂದೇ ಅಳತೆಗೆ.

ದೊಡ್ಡಮ್ಮನ ಅಂಗೈ ಮಣೆಯ ಮೇಲೆ ನಿಂತುಬಿಟ್ಟಿತ್ತು. "ಇನ್ನೊಂದ್ಸಲ ಬುಡು" ಎಂದಳು. ಏಳು ಸಲ ಬಿಟ್ಟೆವು. ಕೊನೆಗೆ, "ನೋಡುದ್ಲು" ಎಂದಳು. ಅಷ್ಟೇ. ಆಮೇಲೆ ಮತ್ತೆ ಸರ್ ಸರ್. ಆ ದಿನದಿಂದ ಅವಳು ಸರಿಯಾಗಿ ಉಂಡಳು ಎಂದು ನಮ್ಮಮ್ಮ ಈಗಲೂ ಹೇಳುತ್ತಾಳೆ.

ಬಳಗದವರು ಇಲ್ಲಿಂದಾಚೆಗೆ ಕಣ್ಣೀರು ಸೇರಿಸಿದರು. ನಾನು ವಾದ ಕಟ್ಟಿದೆ. ಗೊಂಬೆ ತಿರುಗಿದೆ, ಒಪ್ಪಿದೆ. ತಾನಾಗಿ ತಿರುಗದು. ಹಲಗೆ ಅದುರಿ ತಿರುಗಿತೆನ್ನೋಣವೆಂದರೆ, ಅದುರುವಿಕೆಗೆ ಇಂಥ ಕಡೆಗೇ ಎಂಬ ಹಟ ಇರುವುದಿಲ್ಲ. ಇಮ್ರಾನ್ ಕ್ಯಾಮೆರಾ ಬಿಟ್ಟು ಈಚೆ ಬರಲಿಲ್ಲ. ಹಾಗಾದರೆ ಉಳಿದವಳು ದೊಡ್ಡಮ್ಮ. ಯಾರಿಗೆ ಅದು ಬೇಕಿತ್ತೋ ಅವರೇ ಮಾಡಿದರು. ನಾವಿಬ್ಬರೂ ಕ್ಯಾಮೆರಾದ ಪರದೆ ನೋಡುವಾಗ ಅವಳ ಕೈ ಹೋಗಿ ಬಂದಿದೆ. ಆರು ವರ್ಷ ಇದನ್ನೇ ಹೇಳಿಕೊಂಡು ಬಂದೆ, ಅವಳ ಮುಂದೆ ಮಾತ್ರ ಹೇಳದೆ. ಈ ವಾದದಲ್ಲಿ ಒಂದು ತೂತಿತ್ತು, ಎದುರಾಳಿಗೆ ಕಾಣದಂತೆ ನಾನೇ ಅದರ ಮೇಲೆ ಕಾಲಿಟ್ಟು ನಿಂತಿದ್ದೆ. ದೊಡ್ಡಮ್ಮನ ಕೈತುಂಬ ಕಪ್ಪು ಹಿಟ್ಟು. ರಾಣಿಯ ಸೀರೆ ಕೆನೆಬಣ್ಣದ ರೇಷ್ಮೆ. ಒಂದು ಫೋಟೋದಲ್ಲೂ ಒಂದು ಕಲೆಯಿಲ್ಲ.

ಈಗ ಶನಿವಾರದ ಫೋನಿಗೆ ಬರುತ್ತೇನೆ.

"ಸಿಕ್ತಾ ಮಗ?"

"ಸಿಕ್ತು ದೊಡ್ಡಮ್ಮ. ನಿನ್ನ ಮದುವೆ ಗೊಂಬೆ ನನಗ್ಯಾಕೆ? ನಿನ್ನ ಸೊಸೆಗೆ ಕೊಡೋದಲ್ವಾ?"

"ಅವ್ಳಿಗೆ ಅವ್ರಮ್ಮನ ಮನೇವು ಅವೆ. ಇದು ನಿಂದೇ. ಅವತ್ತು ನನಗೋಸ್ಕರ ರಾಣೀನ ತಿರುಗುಸ್ದಲ್ಲ ನೀನು, ನಂಗೊತ್ತಿಲ್ಲ ಅನ್ಕಂಡಿದ್ಯಾ? ಬಾಯಿ ಬುಟ್ಟು ಏಳ್ಲಿಲ್ಲ, ಅಷ್ಟೇಯ. ನಿನ್ನಂಗೆ ಓದಿರೋರು ದೊಡ್ಡಪ್ಪ ಬಂದ್ರು ಗಿಡ್ಡಪ್ಪ ಬಂದ್ರು ಅಂತ ನಂಬ್ತಾರಾ? ನೀನೇ ಮಾಡಿದ್ದು. ಅಷ್ಟು ಸಾಕಾಯ್ತು ಕಣ್ಮಗ ನಂಗೆ."

ಅಂದರೆ ಅವಳಲ್ಲ. ಆರು ವರ್ಷ ನಾನು ಅವಳ ಕೈ ಎಂದುಕೊಂಡಿದ್ದೆ, ಅವಳು ನನ್ನ ಕೈ ಎಂದುಕೊಂಡಿದ್ದಳು. ಒಂದು ಮಾತನ್ನೂ ಪ್ರಶ್ನಿಸದೆ ಬಿಡದ ನಾನು "ಹೂಂ" ಎಂದುಬಿಟ್ಟೆ. ತಲೆ ಎತ್ತದೆ ಹೇಳಿದ ಹೂಂ. ಫೋನಿಟ್ಟ ಮೇಲೆ ನನ್ನ ಕೈಗಳನ್ನೇ ನೋಡಿಕೊಂಡು ಕೂತೆ. ಮೂರು ದಿನ, ಕೈ, ಕ್ಲಿಕ್, ಸರ್. ಆ ಲಯದಲ್ಲಿ ರಾಜನನ್ನು ಸರಿಸಿ ಹಿಂದಕ್ಕೆ ಬರುವಾಗ ಪ್ರತಿ ಸಲವೂ ನನ್ನ ಬೆರಳು ರಾಣಿಯನ್ನು ಸೋಕಿ, ನನಗೇ ತಿಳಿಯದೆ... ಇರಬಹುದು. ಇಲ್ಲವೆಂದು ಸಾಧಿಸಲು ನನ್ನ ಬಳಿ ಸಾಕ್ಷಿಯಿಲ್ಲ. ನಾನೂರ ಎಂಬತ್ತು ಫೋಟೋಗಳಲ್ಲಿ ಎಲ್ಲಿಯೂ ಇಲ್ಲದ ವಸ್ತು ನನ್ನ ಕೈ ಒಂದೇ.

ಭಾನುವಾರ ನಾನೊಂದು ಪರೀಕ್ಷೆ ಮಾಡಿದೆ. ನಗಬೇಡಿ. ಮೇಜಿನ ಮೇಲೆ ಇಬ್ಬರನ್ನೂ ನೇರ ನಿಲ್ಲಿಸಿ, ಎದುರಿಗೆ ಸ್ಟ್ಯಾಂಡಿನಲ್ಲಿ ನನ್ನ ಹಳೇ ಫೋನಿಟ್ಟು, ನಿಮಿಷಕ್ಕೊಂದು ಫೋಟೋ ತೆಗೆಯುವಂತೆ ಮಾಡಿ, ಬೆಳಿಗ್ಗೆ ಎಂಟಕ್ಕೆ ಕೋಣೆಗೆ ಬೀಗ ಹಾಕಿ ಹೊರಟೆ. ಯಾರ ಕೈಯೂ ಇಲ್ಲದ ಪರೀಕ್ಷೆ. ಹೋದದ್ದು ಇಮ್ರಾನನ ಅಂಗಡಿಗೆ.

"ನಿಜ ಹೇಳು, ನೀನು ಮುಟ್ಟಿದ್ಯಾ?"

ಅವನು ಕಣ್ಣಿಗೆ ಹಾಕಿಕೊಂಡಿದ್ದ ಭೂತಗನ್ನಡಿ ತೆಗೆಯಲಿಲ್ಲ. "ಮುಟ್ಟಿಲ್ಲ. ನೀನೇ ತಿರುಗಿಸಿದ್ದು ಅಂದ್ಕೊಂಡಿದೀನಿ, ಅವತ್ತಿಂದ."

"ನೋಡಿದ್ಯಾ?"

"ನೋಡಿಲ್ಲ. ನಾನು ಪರದೆ ನೋಡ್ತಿದ್ದೆ. ಪರದೇಲಿ ನಿನ್ನ ಕೈ ಇರ್ತಿರಲಿಲ್ಲ, ಅದು ಹೋದ ಮೇಲೇ ನಾನು ಒತ್ತುತಿದ್ದೆ." ಆಮೇಲೆ ತಲೆಯೆತ್ತಿದ. "ಯಾಕೆ ಕೆದಕ್ತೀಯ? ಅಮ್ಮ ಚೆನ್ನಾಗಿದಾರಲ್ಲ. ಬಿಟ್ಬುಡು ಮಾರಾಯ್ತಿ."

ನಾಲ್ಕು ಗಂಟೆಗೆ ಕೋಣೆಗೆ ಬಂದೆ. ಎಂಟು ತಾಸು, ನಿಮಿಷಕ್ಕೊಂದು: ನಾನೂರ ಎಂಬತ್ತು ಫೋಟೋ. ಬೇಕೆಂದು ಹಾಕಿದ ಲೆಕ್ಕವಲ್ಲ, ಆದರೆ ಆ ಸಂಖ್ಯೆ ಕಂಡು ಇನ್ನೊಂದು ಸಲ ಲೆಕ್ಕ ಹಾಕಿದೆ. ಗೊಂಬೆ ತಿರುಗಿದೆಯೇ ಎಂದು ಮೇಜಿನ ಮೇಲೆ ನೋಡಿದರಾಯಿತಲ್ಲ ಎನ್ನುತ್ತೀರಿ. ನೋಡಿದೆ. ನೇರವಾಗಿಯೇ ಇದ್ದಾಳೆ ಅನ್ನಿಸಿತು. ಬೆಳಿಗ್ಗೆ ಎಷ್ಟು ನೇರ ಇಟ್ಟಿದ್ದೆ? ಪೀಠದ ಮುಂದೆ ಒಂದು ಗುರುತು ಹಾಕಿರಲಿಲ್ಲ. ಅದೇ ದುಂಡು ಪೀಠ, ಅದೇ ತಪ್ಪು, ಎರಡನೇ ಸಲ. ಫೋಟೋಗಳನ್ನು ಒಂದೊಂದಾಗಿ ಸರಿಸಿದೆ. ಒಂದು, ಅದರ ಮುಂದಿನದು, ಅದರ ಮುಂದಿನದು. ಏನೂ ವ್ಯತ್ಯಾಸವಿಲ್ಲ. ಮೊದಲನೆಯದನ್ನೂ ಕೊನೆಯದನ್ನೂ ಅಕ್ಕಪಕ್ಕ ಇಡಬಹುದಿತ್ತು, ಇಡಲಿಲ್ಲ. ಓಡಿಸಲು ಒಂದು ಬೆರಳು ಸಾಕು, ಒತ್ತಲಿಲ್ಲ. ಅವಳು ನೇರ ನಿಂತೇ ಇದ್ದರೆ ನಾನು ಗೆದ್ದಂತೆ. ಉಳಿಯುವುದು ನನ್ನ ತಿಳಿಯದ ಕೈ, ಮತ್ತು ದೊಡ್ಡಮ್ಮ ತಲೆ ಎತ್ತದೆ ಕೂತಿದ್ದ ಆ ಮಧ್ಯಾಹ್ನ. ತಿರುಗಿದ್ದರೆ, ಈ ಕೋಣೆಯಲ್ಲಿ ಅವಳು ಯಾರ ಕಡೆಗೆ ತಿರುಗುತ್ತಾಳೆ?

ಇವತ್ತು ಬೆಳಿಗ್ಗೆ ಕೆಸರೆಗೆ ಫೋನು ಮಾಡಿದೆ. ಅತ್ತಲಿಂದ ಮಣೆಯ ಸದ್ದು ಕೇಳುತ್ತಿತ್ತು.

"ದೊಡ್ಡಮ್ಮ, ಶನಿವಾರ ಸುಳ್ಳು ಹೇಳಿದೆ. ಅವತ್ತು ರಾಣೀನ ನಾನು ತಿರುಗಿಸ್ಲಿಲ್ಲ. ತಿರುಗಿಸಿದ್ರೂ ನನಗೆ ಗೊತ್ತಿಲ್ಲ. ನೀನೇ ಅಂದ್ಕೊಂಡಿದ್ದೆ."

ಸದ್ದು ನಿಂತಿತು. ಅವಳು ಬಾಗಿಲ ಕಡೆಗೆ ನೋಡುತ್ತಿದ್ದಾಳೆ ಎಂದು ನನಗೆ ಯಾಕೋ ಖಾತ್ರಿಯಾಗಿ ಅನ್ನಿಸಿತು.

"ಅಂಗಾರೆ..." ಎಂದಳು.

ನಾನು ಮೇಜಿನ ಕಡೆ ಬೆನ್ನು ಮಾಡಿ ನಿಂತಿದ್ದೆ. ಆರಾಮಾಗಿ ತಿರುಗಿ ನೋಡಬಹುದಿತ್ತು.

"ನಿನ್ನೆ ಯಾರೂ ಮುಟ್ಟದ ಹಾಗೆ ನಾನೂರ ಎಂಬತ್ತು ಫೋಟೋ ತೆಗೆದಿದೀನಿ ದೊಡ್ಡಮ್ಮ. ಇನ್ನೂ ಓಡಿಸಿ ನೋಡಿಲ್ಲ. ಓಡಿಸ್ಲಾ?"